ಓಪನ್‌ವರ್ಟ್ ರೂಟರ್ ತಂತ್ರಾಂಶ: ದಾವಣಗೆರೆಯ ಅಂಗಡಿ, ಹೋಟೆಲು, ಕ್ಲಿನಿಕ್ಕುಗಳಿಗೆ ಎಷ್ಟು ಉಪಯೋಗ?

ಮಂಡಿಪೇಟೆಯ ಸಗಟು ಅಂಗಡಿಗಳಲ್ಲಿ ಗಲ್ಲಾದ ಮೇಲೊಂದು ಪ್ಲೈವುಡ್ ಹಲಗೆ ಇರುತ್ತದೆ. ಅದರ ಮೇಲೆ ಫೈಬರ್‌ನವರು ಕೊಟ್ಟ ಓಎನ್‌ಟಿ ಎಂಬ ಇಂಟರ್ನೆಟ್ ಡಬ್ಬ, ಅದಕ್ಕೆ ಒತ್ತಿಕೊಂಡೇ ಕ್ಯಾಮೆರಾಗಳ ದೃಶ್ಯ ದಾಖಲಿಸುವ ಡಿವಿಆರ್, ಎರಡರ ನಡುವೆ ಗಂಟು ಬಿದ್ದ ವೈರು. ಡಬ್ಬದ ಒಂದು ಪೋರ್ಟಿನಿಂದ ಬಿಲ್ಲಿಂಗ್ ಕಂಪ್ಯೂಟರಿಗೆ ಕೇಬಲ್, ಇನ್ನೊಂದರಿಂದ ಡಿವಿಆರ್‌ಗೆ. ವೈಫೈ ಪಾಸ್‌ವರ್ಡ್ ಗೋಡೆಗೆ ಅಂಟಿಸಿದ ಚೀಟಿಯಲ್ಲಿ. ಗುಮಾಸ್ತರಿಗೂ ಅದೇ, ಮಾಲು ಇಳಿಸಲು ಬಂದ ಲಾರಿಯವರಿಗೂ ಅದೇ. ಪಿ.ಜೆ. ಬಡಾವಣೆಯ ಕ್ಲಿನಿಕ್ಕಿನಲ್ಲಿ ಇದರ ಜೊತೆಗೆ ಲ್ಯಾಬಿನ ಕಂಪ್ಯೂಟರ್ ಸೇರುತ್ತದೆ, ಬೆಣ್ಣೆ ದೋಸೆ ಹೋಟೆಲಿನಲ್ಲಿ ಅಡುಗೆಮನೆಯ ಆರ್ಡರ್ ಪ್ರಿಂಟರ್ ಸೇರುತ್ತದೆ. ಜೋಡಣೆ ಮಾತ್ರ ಎಲ್ಲೆಡೆ ಇದೇ. ಎಲ್ಲವೂ ಒಂದೇ ನೆಟ್‌ವರ್ಕಿನಲ್ಲಿ ಇರುವುದರಿಂದ ದೋಸೆಗೆ ಕಾಯುತ್ತ ಕೂತವರ ಫೋನಿನಿಂದ ಡಿವಿಆರ್‌ನ ಲಾಗಿನ್ ಪುಟ ತೆರೆಯಬಹುದು, ಆ ಫೋನಿನಲ್ಲಿ ಕೆಟ್ಟ ಆ್ಯಪ್ ಇದ್ದರೆ ಅದು ಬಿಲ್ಲಿಂಗ್ ಕಂಪ್ಯೂಟರಿನ ಹಂಚಿದ ಫೋಲ್ಡರನ್ನೂ ಹುಡುಕಬಹುದು.

ಇವನ್ನೆಲ್ಲ ಬೇರೆ ಬೇರೆ ಮಾಡಿ ನಡುವೆ ಗೋಡೆ ಎಬ್ಬಿಸುವುದಕ್ಕೆ ದೊಡ್ಡ ಫೈರ್‌ವಾಲ್ ಪೆಟ್ಟಿಗೆ ಬೇಕಿಲ್ಲ. ಎರಡು ಮೂರು ಸಾವಿರ ರೂಪಾಯಿ ಮಟ್ಟದ ರೂಟರಿಗೆ ಓಪನ್‌ವರ್ಟ್ ಹಾಕಿದರೆ ಸಾಕು. ನಮ್ಮ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇವೆ: ಈ ಕೆಲಸಕ್ಕೆ, ಈ ಖರ್ಚಿನಲ್ಲಿ, ಇದಕ್ಕಿಂತ ಒಳ್ಳೆಯದು ಇನ್ನೊಂದಿಲ್ಲ. ಆದರೆ ಎರಡು ಮೂರು ತಿಂಗಳಿಗೊಮ್ಮೆ ಕೂತು ಅಪ್‌ಡೇಟ್ ಮಾಡುವವರು ಯಾರೂ ಇಲ್ಲದ ಕಡೆ ಇದನ್ನು ಹಾಕಬೇಡಿ. ಇದು ತಾನಾಗಿಯೇ ಅಪ್‌ಡೇಟ್ ಆಗುವುದಿಲ್ಲ.

ಓಪನ್‌ವರ್ಟ್ ಎಂದರೆ ರೂಟರಿಗೆಂದೇ ಕಟ್ಟಿದ ಲಿನಕ್ಸ್, ಕಂಪನಿಯ ತಂತ್ರಾಂಶದ ಜಾಗದಲ್ಲಿ ಕೂರುವ ಮುಕ್ತ ಆಪರೇಟಿಂಗ್ ಸಿಸ್ಟಮ್. ಲಿಂಕ್ಸಿಸ್ ಕಂಪನಿ ತನ್ನ ಡಬ್ಲ್ಯೂಆರ್‌ಟಿ54ಜಿ ರೂಟರಿನ ಮೂಲ ಕೋಡನ್ನು ಜಿಪಿಎಲ್ ಎಂಬ ಮುಕ್ತ ತಂತ್ರಾಂಶ ಲೈಸೆನ್ಸಿನ ಕಾರಣಕ್ಕೆ 2003ರಲ್ಲಿ ಹೊರಬಿಡಬೇಕಾಯಿತು. ಅದರ ಮೇಲೆ 2004ರಲ್ಲಿ ಈ ಯೋಜನೆ ಶುರುವಾಯಿತು, ಹೆಸರಿನಲ್ಲಿರುವ ‘ಡಬ್ಲ್ಯೂಆರ್‌ಟಿ’ ಎಂಬ ಮೂರಕ್ಷರವೂ ಅಲ್ಲಿಂದಲೇ ಬಂದದ್ದು. ಇಲ್ಲಿ ಹೇಳುತ್ತಿರುವುದು 2025ರ ಫೆಬ್ರವರಿಯಲ್ಲಿ ಬಂದ 24.10ರ ಆವೃತ್ತಿ ಸಾಲಿನ ಬಗ್ಗೆ. ಇದರ ನಂತರದ ಸಾಲಿನಲ್ಲಿ ಪ್ಯಾಕೇಜ್ (ಹೆಚ್ಚುವರಿ ತಂತ್ರಾಂಶ) ಹಾಕುವ ಒಪಿಕೆಜಿ ಎಂಬ ಸಾಧನ ಹೋಗಿ ಎಪಿಕೆ ಬಂದಿದೆ. ಲೂಸಿ ಎಂಬ ಓಪನ್‌ವರ್ಟ್‌ನ ವೆಬ್ ಸೆಟ್ಟಿಂಗ್ ಪುಟದಲ್ಲೇ ಕೆಲಸ ಮಾಡುವವರಿಗೆ ಅದರಿಂದ ಹೆಚ್ಚು ತೊಂದರೆ ಇಲ್ಲ.

ರೂಟರ್ ಕೊಳ್ಳುವಾಗ

ಪೆಟ್ಟಿಗೆಯ ಮೇಲಿನ ಹೆಸರನ್ನು ನಂಬಬೇಡಿ, ರೂಟರನ್ನು ಮಗುಚಿ ತಳದ ಚೀಟಿ ಓದಿ. ಟಿಪಿ-ಲಿಂಕ್ ಆರ್ಚರ್ ಸಿ6 ಇದಕ್ಕೆ ಒಳ್ಳೆಯ ಉದಾಹರಣೆ. ಅದರ 2ನೇ ಆವೃತ್ತಿಯಲ್ಲಿ ಕ್ವಾಲ್‌ಕಾಮ್ ಚಿಪ್, 3ನೇ ಆವೃತ್ತಿಯಲ್ಲಿ ಮೀಡಿಯಾಟೆಕ್‌ನ ಎಂಟಿ7621 ಚಿಪ್, 16 ಎಂಬಿ ಫ್ಲ್ಯಾಶ್ (ತಂತ್ರಾಂಶ ಕೂರುವ ಜಾಗ), 128 ಎಂಬಿ ರ‍್ಯಾಮ್. ಹೊರಗಡೆ ಹೆಸರು ಒಂದೇ, ಒಳಗಡೆ ಯಂತ್ರವೇ ಬೇರೆ. ಒಂದರ ಫೈಲನ್ನು ಇನ್ನೊಂದಕ್ಕೆ ಹಾಕಿದರೆ ರೂಟರ್ ಎದ್ದೇಳುವುದಿಲ್ಲ. ಚೀಟಿಯಲ್ಲಿ ‘ವರ್’ ಅಕ್ಷರಗಳ ಮುಂದೆ ಇರುವ ಸಂಖ್ಯೆ ನೋಡಿಕೊಂಡು, ಓಪನ್‌ವರ್ಟ್‌ನ ಫರ್ಮ್‌ವೇರ್ (ರೂಟರಿನ ತಂತ್ರಾಂಶ) ಸೆಲೆಕ್ಟರ್ ಪುಟದಲ್ಲಿ ಅದೇ ಆವೃತ್ತಿ ಇದೆಯೇ ನೋಡಿ. ಇಲ್ಲದಿದ್ದರೆ ಆ ರೂಟರ್ ಬಿಟ್ಟು ಬೇರೆ ನೋಡಿ. ‘ಹತ್ತಿರದ್ದೇ ತಾನೇ’ ಎಂದು ಪ್ರಯೋಗ ಮಾಡಬೇಡಿ.

8 ಎಂಬಿ ಫ್ಲ್ಯಾಶ್, 64 ಎಂಬಿ ರ‍್ಯಾಮ್ ಇದ್ದರೆ ಹೇಗೋ ಓಡುತ್ತದೆ, ಆದರೆ ಇನ್ನೊಂದು ಪ್ಯಾಕೇಜ್ ಹಾಕಲು ಜಾಗ ಇರುವುದಿಲ್ಲ. 16 ಮತ್ತು 128ಕ್ಕಿಂತ ಕಡಿಮೆ ಇರುವುದನ್ನು ಈಗ ಕೊಳ್ಳಬೇಡಿ. ಈ ಯೋಜನೆಯವರೇ ಬನಾನಾ ಪೈ ಜೊತೆ ಸೇರಿ 2024ರ ಕೊನೆಯಲ್ಲಿ ಓಪನ್‌ವರ್ಟ್ ಒನ್ ಎಂಬ ರೂಟರನ್ನೇ ತಂದರು. ಅದರಲ್ಲಿ 1 ಜಿಬಿ ರ‍್ಯಾಮ್ ಇದೆ, ಯಂತ್ರ ಚೆನ್ನಾಗಿದೆ. ಆದರೆ ಲ್ಯಾನ್ (ಒಳಗಿನ ನೆಟ್‌ವರ್ಕ್) ಪೋರ್ಟ್ ಒಂದೇ ಇರುವುದರಿಂದ ಡಿವಿಆರ್, ಬಿಲ್ಲಿಂಗ್ ಎರಡನ್ನೂ ಕೇಬಲ್ಲಿನಲ್ಲಿ ಬೇರೆ ಮಾಡಬೇಕಾದರೆ ಪೋರ್ಟುಗಳನ್ನು ಬೇರೆ ಬೇರೆ ಗುಂಪು ಮಾಡುವ ಮ್ಯಾನೇಜ್ಡ್ ಸ್ವಿಚ್ ಬೇಕು. ಅಂಗಡಿಗೆ ನಾಲ್ಕು ಪೋರ್ಟಿನ ಸಾದಾ ರೂಟರೇ ಅನುಕೂಲ.

ಹಾಕುವುದು, ಹಾಕುವಾಗ ಕೆಡುವುದು

ಸೆಲೆಕ್ಟರಿನಲ್ಲಿ ಎರಡು ಬಗೆಯ ಫೈಲು ಸಿಗುತ್ತವೆ. ಕಂಪನಿಯ ತಂತ್ರಾಂಶ ಇರುವ ಹೊಸ ರೂಟರಿಗೆ ‘ಫ್ಯಾಕ್ಟರಿ’, ಆಗಲೇ ಓಪನ್‌ವರ್ಟ್ ಇರುವುದಕ್ಕೆ ‘ಸಿಸ್‌ಅಪ್‌ಗ್ರೇಡ್’. ಡೌನ್‌ಲೋಡ್ ಆದ ಮೇಲೆ ಶಾ-256 ಮೊತ್ತ (ಫೈಲು ಕೆಟ್ಟಿಲ್ಲವೆಂದು ತಿಳಿಸುವ ಗುರುತು) ಹೋಲಿಸಿ. ಲಿನಕ್ಸ್‌ನಲ್ಲಿ ಶಾ256ಸಮ್, ವಿಂಡೋಸ್‌ನಲ್ಲಿ ಸರ್ಟ್‌ಯುಟಿಲ್ ಎಂಬ ಆಜ್ಞೆ ಆ ಮೊತ್ತ ತೋರಿಸುತ್ತದೆ. ಸೆಲೆಕ್ಟರ್ ಪುಟದಲ್ಲಿ ಕೊಟ್ಟಿರುವ 64 ಅಕ್ಷರಗಳಿಗೆ ಒಂದಕ್ಷರ ವ್ಯತ್ಯಾಸವಿದ್ದರೂ ಆ ಫೈಲನ್ನು ಅಳಿಸಿ.

ಫ್ಲ್ಯಾಶ್ ಮಾಡುವ, ಅಂದರೆ ಹೊಸ ತಂತ್ರಾಂಶ ಬರೆಯುವ, ಮೂರು ನಾಲ್ಕು ನಿಮಿಷದಲ್ಲಿ ಕರೆಂಟ್ ಹೋದರೆ ಬರೆಯುತ್ತಿದ್ದ ಫೈಲು ಅರ್ಧಕ್ಕೆ ನಿಂತು ರೂಟರ್ ಸತ್ತಂತಾಗುತ್ತದೆ. ಬೆಸ್ಕಾಂನ ಕಡಿತದ ವೇಳೆ ತಿಳಿದಿದ್ದರೂ ಯುಪಿಎಸ್ ಇಲ್ಲದೆ ಕೂರಬೇಡಿ. ಕೇಬಲ್ಲಿನಲ್ಲೇ ಮಾಡಿ, ವೈಫೈನಲ್ಲಿ ಬೇಡ. ಹೊಸದಾಗಿ ಎದ್ದ ಓಪನ್‌ವರ್ಟ್‌ನಲ್ಲಿ ವೈಫೈ ಬಂದ್ ಇರುತ್ತದೆ, ರೂಟ್ ಎಂಬ ಮುಖ್ಯ ಖಾತೆಯ ಪಾಸ್‌ವರ್ಡ್ ಖಾಲಿ ಇರುತ್ತದೆ. ಆದ್ದರಿಂದ ಮೊದಲ ಕೆಲಸ ಪಾಸ್‌ವರ್ಡ್ ಹಾಕುವುದು, ಇಂಟರ್ನೆಟ್ ಕೇಬಲ್ ಜೋಡಿಸುವುದು ಆಮೇಲೆ.

ಇಲ್ಲಿ ಬಹಳ ಮಂದಿ ಎಡವುವ ಜಾಗ ಒಂದಿದೆ. ಓಪನ್‌ವರ್ಟ್‌ನ ವಿಳಾಸ 192.168.1.1. ಹಲವು ಓಎನ್‌ಟಿಗಳದ್ದೂ ಅದೇ. ಎರಡೂ ಬದಿಯಲ್ಲಿ ಒಂದೇ ಸಂಖ್ಯೆಯ ಜಾಲ ಇದ್ದರೆ ರೂಟರಿಗೆ ದಾರಿ ತಿಳಿಯುವುದಿಲ್ಲ, ಇಂಟರ್ನೆಟ್ ಬರುವುದಿಲ್ಲ, ‘ಓಪನ್‌ವರ್ಟ್ ಸರಿಯಿಲ್ಲ’ ಎಂದು ತೆಗೆದು ಬಿಸಾಡುತ್ತಾರೆ. ಲ್ಯಾನ್ ವಿಳಾಸವನ್ನು 192.168.10.1 ಮಾಡಿ. ‘ಸೇವ್ ಅಂಡ್ ಅಪ್ಲೈ’ ಒತ್ತಿದ ಮೇಲೆ 90 ಸೆಕೆಂಡಿನೊಳಗೆ ಹೊಸ ವಿಳಾಸದಲ್ಲಿ ಪುಟ ತೆರೆಯಬೇಕು, ಇಲ್ಲದಿದ್ದರೆ ಲೂಸಿ ಹಳೆಯ ಸ್ಥಿತಿಗೆ ಮರಳುತ್ತದೆ. ಕಂಪ್ಯೂಟರ್ ಇನ್ನೂ ಹಳೆಯ ಐಪಿ ಹಿಡಿದುಕೊಂಡಿರುತ್ತದಲ್ಲ, ಒತ್ತಿದ ಕೂಡಲೇ ಕೇಬಲ್ ಕಿತ್ತು ಮತ್ತೆ ಸಿಕ್ಕಿಸಿ, ಹೊಸ ಐಪಿ ಬರುತ್ತದೆ. ಈ 90 ಸೆಕೆಂಡಿನ ಕಾವಲು ನಮಗೆ ಬಹಳ ಮೆಚ್ಚುಗೆಯಾದ ಗುಣ. ತಪ್ಪು ಸಂರಚನೆ ಹಾಕಿ ತಾವೇ ಹೊರಗೆ ಸಿಕ್ಕಿಹಾಕಿಕೊಳ್ಳುವ ಅಪಾಯವನ್ನು ಇದು ತಪ್ಪಿಸುತ್ತದೆ.

ಹೋಟೆಲಿನವರಿಗೆ ಒಂದು ಮಾತು. ಅಡುಗೆಮನೆಯ ಪ್ರಿಂಟರಿಗೆ 192.168.1ರ ಸಾಲಿನ ಸ್ಥಿರ ವಿಳಾಸ ಕೊಟ್ಟು, ಅದನ್ನೇ ಬಿಲ್ಲಿಂಗ್ ತಂತ್ರಾಂಶದಲ್ಲೂ ಬರೆದಿಟ್ಟಿರುತ್ತಾರೆ. ಲ್ಯಾನ್ ಸಂಖ್ಯೆ ಬದಲಾದ ಕ್ಷಣ ಆರ್ಡರ್ ಚೀಟಿ ನಿಲ್ಲುತ್ತದೆ. ಅಂಥ ಕಡೆ ಲ್ಯಾನನ್ನು ಹಾಗೇ ಬಿಟ್ಟು ಓಎನ್‌ಟಿಯ ವಿಳಾಸ ಬದಲಿಸಿ, ಅಥವಾ ಸಂಪರ್ಕದವರಿಗೆ ಹೇಳಿ ಓಎನ್‌ಟಿಯನ್ನು ಬ್ರಿಜ್ ಮೋಡ್‌ಗೆ (ಸಂಪರ್ಕವನ್ನು ನೇರ ರೂಟರಿಗೆ ದಾಟಿಸುವ ಸ್ಥಿತಿಗೆ) ಹಾಕಿಸಿ. ಬ್ರಿಜ್ ಆದರೆ ಸಂಪರ್ಕದವರು ಕೊಟ್ಟ ಪಿಪಿಪಿಒಇ ಲಾಗಿನ್‌ನ ಹೆಸರು, ಪಾಸ್‌ವರ್ಡ್ ಎರಡನ್ನೂ ಓಪನ್‌ವರ್ಟ್‌ನ ವ್ಯಾನ್‌ನಲ್ಲಿ (ಇಂಟರ್ನೆಟ್ ಬದಿಯಲ್ಲಿ) ಬರೆಯಬೇಕು. ಕೆಲವರ ಸಂಪರ್ಕಕ್ಕೆ ವಿಲ್ಯಾನ್ ಸಂಖ್ಯೆಯೂ ಬೇಕಾಗುತ್ತದೆ, ಅದನ್ನು ಮೊದಲೇ ಕೇಳಿ ಬರೆದುಕೊಳ್ಳಿ. ಏನೇ ಮಾಡಿದರೂ ಬೆಳಗ್ಗೆ ದೋಸೆಯ ಹೊತ್ತಿನಲ್ಲಿ ಮಾಡಬೇಡಿ. ಓಎನ್‌ಟಿಯ ಸ್ವಂತ ವೈಫೈ ಬಂದ್ ಮಾಡುವುದನ್ನೂ ಮರೆಯಬೇಡಿ. ಅದು ಚಾಲೂ ಇದ್ದರೆ ಬಿಲ್ಲಿಂಗ್ ಲ್ಯಾಪ್‌ಟಾಪ್ ಹಳೆಯ ಗುರುತಿನ ಮೇಲೆ ಅದಕ್ಕೇ ಹೋಗಿ ಸೇರಿಕೊಳ್ಳುತ್ತದೆ, ನೀವು ಎಬ್ಬಿಸಿದ ಗೋಡೆಯ ಹೊರಗೆ.

ವಲಯಗಳು: ಈ ತಂತ್ರಾಂಶದ ನಿಜವಾದ ಬೆಲೆ

ಕಂಪನಿಗಳ ಸಾದಾ ರೂಟರುಗಳಲ್ಲಿ ಅತಿಥಿ ವೈಫೈ ಇರುತ್ತದೆ, ಅಲ್ಲಿಗೆ ಮುಗಿಯಿತು. ಕೇಬಲ್ಲಿನಲ್ಲಿ ಬರುವ ಡಿವಿಆರ್ ಅನ್ನು ಬೇರೆ ಮಾಡುವ ದಾರಿ ಸಾಮಾನ್ಯವಾಗಿ ಇರುವುದಿಲ್ಲ. ಓಪನ್‌ವರ್ಟ್‌ನಲ್ಲಿ, ಎಂಟಿ7621ನಂಥ ಚಿಪ್ ಇರುವ ರೂಟರಿನ ಪ್ರತಿ ಲ್ಯಾನ್ ಪೋರ್ಟ್ ಬೇರೆ ಬೇರೆಯಾಗಿ ಕಾಣುತ್ತದೆ. ನೆಟ್‌ವರ್ಕ್ ಮೆನುವಿನ ಇಂಟರ್‌ಫೇಸಸ್‌ಗೆ ಹೋಗಿ, ಡಿವೈಸಸ್ ಪುಟದಲ್ಲಿ ‘ಬಿಆರ್-ಲ್ಯಾನ್’ ತೆರೆದು, ಅದರ ಪಟ್ಟಿಯಿಂದ ‘ಲ್ಯಾನ್4’ ತೆಗೆಯಿರಿ. ಆಮೇಲೆ ಹೊಸ ಇಂಟರ್‌ಫೇಸ್ ಸೇರಿಸಿ: ಹೆಸರು ‘ಕ್ಯಾಮ್’, ಬಗೆ ಸ್ಟ್ಯಾಟಿಕ್, ಡಿವೈಸ್ ‘ಲ್ಯಾನ್4’, ವಿಳಾಸ 192.168.20.1, ಮಾಸ್ಕ್ 255.255.255.0. ಸಾಧನಗಳಿಗೆ ಐಪಿ ವಿಳಾಸ ಹಂಚುವ ಡಿಎಚ್‌ಸಿಪಿ ಚಾಲೂ ಮಾಡಿ, ಫೈರ್‌ವಾಲ್‌ನಲ್ಲಿ ‘ಕ್ಯಾಮ್’ ಎಂಬ ಹೊಸ ವಲಯ (ತನ್ನದೇ ನಿಯಮಗಳಿರುವ ಭಾಗ) ಕೊಡಿ.

ಆ ವಲಯಕ್ಕೆ ಇನ್‌ಪುಟ್ (ರೂಟರಿಗೇ ಬರುವುದು) ರಿಜೆಕ್ಟ್, ಔಟ್‌ಪುಟ್ ಆ್ಯಕ್ಸೆಪ್ಟ್, ಫಾರ್ವರ್ಡ್ (ರೂಟರ್ ದಾಟಿ ಹೋಗುವುದು) ರಿಜೆಕ್ಟ್. ಲ್ಯಾನ್‌ನಿಂದ ಕ್ಯಾಮ್‌ಗೆ ಹೋಗಲು ಅನುಮತಿ, ಕ್ಯಾಮ್‌ನಿಂದ ಲ್ಯಾನ್‌ಗೂ ಇಲ್ಲ, ಇಂಟರ್ನೆಟ್ಟಿಗೂ ಇಲ್ಲ. ಗಲ್ಲಾದ ಕಂಪ್ಯೂಟರಿನಲ್ಲಿ ಕೂತು ಕ್ಯಾಮೆರಾ ನೋಡಬಹುದು, ಡಿವಿಆರ್ ಮಾತ್ರ ತಾನಾಗಿ ಯಾರನ್ನೂ ತಟ್ಟಲಾರದು. ಇನ್‌ಪುಟ್ ರಿಜೆಕ್ಟ್ ಮಾಡಿದ ಮೇಲೆ ಡಿವಿಆರ್‌ಗೆ ಐಪಿಯೂ ಸಿಗುವುದಿಲ್ಲ, ಅದಕ್ಕೆ ಟ್ರಾಫಿಕ್ ರೂಲ್ಸ್‌ನಲ್ಲಿ ಎರಡು ನಿಯಮ ಬೇಕು: ಕ್ಯಾಮ್‌ನಿಂದ ರೂಟರಿಗೆ ಡಿಎಚ್‌ಸಿಪಿಗೆ ಯುಡಿಪಿ 67, ಗಡಿಯಾರಕ್ಕೆ ಯುಡಿಪಿ 123. ಸಿಸ್ಟಮ್ ಪುಟದಲ್ಲಿ ‘ಪ್ರೊವೈಡ್ ಎನ್‌ಟಿಪಿ ಸರ್ವರ್’ ಗುರುತು ಹಾಕಿ, ಡಿವಿಆರ್‌ನ ಸಮಯದ ಮೆನುವಿನಲ್ಲಿ 192.168.20.1 ಬರೆಯಿರಿ. ಇದನ್ನು ಬಿಟ್ಟರೆ ಇಂಟರ್ನೆಟ್ ಇಲ್ಲದ ಡಿವಿಆರ್‌ನ ಗಡಿಯಾರ ತಿಂಗಳು ಕಳೆದಂತೆ ಸರಿಯುತ್ತ ಹೋಗುತ್ತದೆ. ಕಳವಾದ ದಿನ ದೃಶ್ಯವೂ ಬಿಲ್ಲಿನ ಸಮಯವೂ ತಾಳೆಯಾಗುವುದಿಲ್ಲ.

ಡಿವಿಆರ್ ಅನ್ನು ಹೊಸ ಪೋರ್ಟಿಗೆ ಹಾಕಿದ ಕೂಡಲೇ ‘ಕ್ಯಾಮೆರಾ ಮಾಯವಾಯಿತು’ ಎಂಬ ದೂರು ಬಂದೇ ಬರುತ್ತದೆ. ಕಾರಣ ಸರಳ. ಬಹಳಷ್ಟು ಡಿವಿಆರ್‌ಗಳು 192.168.1.108 ಅಥವಾ 192.168.1.64 ಎಂಬ ಕಾರ್ಖಾನೆಯ ಸ್ಥಿರ ವಿಳಾಸದಲ್ಲೇ ಕೂತಿರುತ್ತವೆ. ಮಾನಿಟರ್, ಮೌಸ್ ಹಚ್ಚಿ ಅದರ ನೆಟ್‌ವರ್ಕ್ ಮೆನುವಿನಲ್ಲಿ ಡಿಎಚ್‌ಸಿಪಿ ಆರಿಸಿ. ಆಮೇಲೆ ರೂಟರಿನ ‘ಸ್ಟ್ಯಾಟಿಕ್ ಲೀಸ್’ ಪುಟದಲ್ಲಿ ಅದರ ಮ್ಯಾಕ್ ವಿಳಾಸಕ್ಕೆ (ಯಂತ್ರದ ಹುಟ್ಟುಗುರುತಿಗೆ) 192.168.20.10 ಕಟ್ಟಿಬಿಡಿ.

ಡಿವಿಆರ್ ಮೇಲೆ ಇಷ್ಟು ಬಿಗಿ ಯಾಕೆ ಎಂದು ಕೇಳುವವರಿದ್ದಾರೆ. 2016ರಲ್ಲಿ ಹಬ್ಬಿದ ಮಿರಾಯ್ ಎಂಬ ಕೆಡುಕು ತಂತ್ರಾಂಶ ಹುಡುಕಿದ್ದೇ ಡಿವಿಆರ್, ಕ್ಯಾಮೆರಾ, ರೂಟರುಗಳನ್ನು. ಟೆಲ್‌ನೆಟ್ ಎಂಬ ಹಳೆಯ ದೂರ ಲಾಗಿನ್‌ನ 23 ಮತ್ತು 2323ನೇ ಪೋರ್ಟ್ ತಟ್ಟಿ, ಕಾರ್ಖಾನೆಯಲ್ಲಿ ಹಾಕಿದ ಹೆಸರು-ಪಾಸ್‌ವರ್ಡ್‌ಗಳ ಅರವತ್ತಕ್ಕೂ ಹೆಚ್ಚು ಜೋಡಿಗಳನ್ನು ಒಂದೊಂದಾಗಿ ಪ್ರಯತ್ನಿಸುತ್ತಿತ್ತು. ಆ ವರ್ಷ ಅಕ್ಟೋಬರ್ 21ರಂದು ಡೈನ್ ಎಂಬ ಡಿಎನ್‌ಎಸ್ (ತಾಣದ ಹೆಸರಿನಿಂದ ವಿಳಾಸ ಹುಡುಕಿಕೊಡುವ) ಕಂಪನಿಯನ್ನು ಕೆಡವಿ, ಅಮೆರಿಕದ ದೊಡ್ಡ ದೊಡ್ಡ ತಾಣಗಳನ್ನು ಗಂಟೆಗಟ್ಟಲೆ ನಿಲ್ಲಿಸಿದ್ದು ಇಂಥ ಸಣ್ಣ ಡಬ್ಬಗಳ ಗುಂಪೇ. ಅಂಗಡಿಯ ಕಂಪ್ಯೂಟರಿಗಾದರೂ ಅಪ್‌ಡೇಟ್ ಬರುತ್ತದೆ, ಐದು ವರ್ಷ ಹಳೆಯ ಡಿವಿಆರ್‌ಗೆ ಬರುವುದು ಅಪರೂಪ. ಸರಿಪಡಿಸಲಾಗದ್ದನ್ನು ಒಂದು ಕೋಣೆಯಲ್ಲಿ ಕೂಡಿಹಾಕುವುದೇ ಉಳಿದ ದಾರಿ. ಓಪನ್‌ವರ್ಟ್‌ನಲ್ಲಿ ಯುಪಿಎನ್‌ಪಿ ಮೊದಲಿನಿಂದ ಇರುವುದೇ ಇಲ್ಲ, ಬೇಕೆಂದವರು ಪ್ಯಾಕೇಜ್ ಹಾಕಿಕೊಳ್ಳಬೇಕು. ದಯವಿಟ್ಟು ಹಾಕಿಕೊಳ್ಳಬೇಡಿ. ಒಳಗಿನ ಡಬ್ಬ ಯಾರನ್ನೂ ಕೇಳದೆ ಹೊರಗಿನಿಂದ ಬಾಗಿಲು ತೆರೆಸಿಕೊಳ್ಳುವ ಏರ್ಪಾಡು ಅದು.

ಗಿರಾಕಿಗಳ ವೈಫೈಗೆ 192.168.30.1ರ ‘ಗೆಸ್ಟ್’ ವಲಯ ಇದೇ ರೀತಿ. ವ್ಯತ್ಯಾಸ ಮೂರು: ಇಂಟರ್ನೆಟ್ಟಿಗೆ ಫಾರ್ವರ್ಡ್ ಅನುಮತಿ ಕೊಡಿ, ಡಿಎಚ್‌ಸಿಪಿ ಜೊತೆಗೆ ಡಿಎನ್‌ಎಸ್‌ನ 53ನೇ ಪೋರ್ಟನ್ನು ಟಿಸಿಪಿ, ಯುಡಿಪಿ ಎರಡಕ್ಕೂ ತೆರೆಯಿರಿ, ವೈಫೈನ ‘ಐಸೊಲೇಟ್ ಕ್ಲೈಂಟ್ಸ್’ ಗುರುತು ಹಾಕಿ. 53 ಮರೆತರೆ ಫೋನ್ ವೈಫೈಗೆ ಸೇರುತ್ತದೆ, ಆದರೆ ಯಾವ ಪುಟವೂ ತೆರೆಯುವುದಿಲ್ಲ. ಬಿಲ್ಲಿಂಗ್ ವೈಫೈಗೆ ಡಬ್ಲ್ಯೂಪಿಎ2-ಡಬ್ಲ್ಯೂಪಿಎ3 ಎಂಬ ಭದ್ರತೆಯ ಬಗೆಗಳ ಮಿಶ್ರಣ ಹಾಕಬಹುದು. ಹಳೆಯ ಪ್ರಿಂಟರ್, ಸ್ವೈಪ್ ಮಷಿನ್ ಅದಕ್ಕೆ ಸೇರದೆ ಒದ್ದಾಡಿದರೆ ಡಬ್ಲ್ಯೂಪಿಎ2 ಮಾತ್ರ ಇಡಿ. ದೇಶದ ಸಂಕೇತವನ್ನು ಭಾರತಕ್ಕೆ ಬದಲಿಸಿ.

ರೂಟರಿನ ಸ್ವಂತ ಬಾಗಿಲುಗಳೂ ಇವೆ. ಅಡ್ಮಿನಿಸ್ಟ್ರೇಷನ್ ಪುಟದಲ್ಲಿ ಎಸ್‌ಎಸ್‌ಎಚ್ (ಆಜ್ಞೆ ಬರೆದು ರೂಟರ್ ನಡೆಸುವ ಲಾಗಿನ್) ಅನ್ನು ಲ್ಯಾನ್‌ಗೆ ಮಾತ್ರ ಕಟ್ಟಿ, ಇಡಿ25519 ಬಗೆಯ ಕೀ ಹಾಕಿ, ಕೀಯಿಂದ ಒಮ್ಮೆ ಲಾಗಿನ್ ಆಗಿ ನೋಡಿದ ಮೇಲೆ ಪಾಸ್‌ವರ್ಡ್ ಲಾಗಿನ್ ಬಂದ್ ಮಾಡಿ. ಎಚ್‌ಟಿಟಿಪಿಎಸ್‌ಗೆ ತಿರುಗಿಸುವ ಗುರುತೂ ಅಲ್ಲೇ ಇದೆ. ಬ್ರೌಸರ್ ತೋರಿಸುವ ಎಚ್ಚರಿಕೆ ಸ್ವಯಂ ಸಹಿಯ ಸರ್ಟಿಫಿಕೇಟಿನದು.

ಮನೆಯಿಂದ ಕ್ಯಾಮೆರಾ ನೋಡುವ ಆಸೆ

ಸಾಹುಕಾರರು ಮೊದಲು ಕೇಳುವುದು ಇದನ್ನೇ. ಡಿವಿಆರ್‌ನ ಪೋರ್ಟನ್ನು ಇಂಟರ್ನೆಟ್ಟಿಗೆ ತೆರೆಯುವುದು ಸುಲಭ, ಮಾಡಬಾರದ್ದು ಕೂಡ ಅದೇ. ಓಪನ್‌ವರ್ಟ್‌ನಲ್ಲಿ ವೈರ್‌ಗಾರ್ಡ್ ಎಂಬ ವಿಪಿಎನ್ (ಇಂಟರ್ನೆಟ್ಟಿನೊಳಗಿನ ಗುಪ್ತ ಸುರಂಗ) ಚೆನ್ನಾಗಿ ನಡೆಯುತ್ತದೆ: ಲೂಸಿಗೆ ವೈರ್‌ಗಾರ್ಡ್ ಪ್ಯಾಕೇಜ್ ಸೇರಿಸಿ, ಯುಡಿಪಿ 51820 ಮಾತ್ರ ತೆರೆದು, ಪ್ರತಿ ಫೋನಿಗೆ ಬೇರೆ ಕೀ ಕೊಡಿ. ಫೋನಿನ ಕಡೆ ‘ಅಲೌಡ್ ಐಪಿ’ಯಲ್ಲಿ 192.168.20.0/24 ಮಾತ್ರ ಬರೆಯಿರಿ, ವೈರ್‌ಗಾರ್ಡ್ ವಲಯದಿಂದ ಕ್ಯಾಮ್‌ಗೆ ಮಾತ್ರ ಫಾರ್ವರ್ಡ್ ಕೊಡಿ. ಫೋನ್ ಕಳೆದರೆ ಆ ಒಂದು ಕೀ ಅಳಿಸಿದರಾಯಿತು.

ಇದೆಲ್ಲ ಕೂಡಿಬರಲು ಒಂದು ಷರತ್ತಿದೆ. ವ್ಯಾನ್ ವಿಳಾಸ ನೋಡಿ. ಅದು 100.64ರಿಂದ 100.127ರ ನಡುವೆ ಶುರುವಾದರೆ ನೀವು ಸಿಜಿನ್ಯಾಟ್ ಹಿಂದೆ ಇದ್ದೀರಿ: ಒಂದೇ ಹೊರವಿಳಾಸವನ್ನು ಸಂಪರ್ಕದವರು ಹಲವರಿಗೆ ಹಂಚಿರುತ್ತಾರೆ. ಹೊರಗಿನಿಂದ ನಿಮ್ಮ ರೂಟರಿಗೆ ಐಪಿವಿ4ನಲ್ಲಿ ದಾರಿಯೇ ಇಲ್ಲ, ಎಷ್ಟು ಹೊತ್ತು ಸಂರಚನೆ ತಿದ್ದಿದರೂ ವೈರ್‌ಗಾರ್ಡ್ ಸೇರುವುದಿಲ್ಲ. ಸಂಪರ್ಕದವರಲ್ಲಿ ಸ್ಥಿರ ಐಪಿ ಕೇಳಿ, ಅಥವಾ ಬಾಡಿಗೆಯ ಸಣ್ಣ ಸರ್ವರ್ ಹಿಡಿದು ರೂಟರೂ ಫೋನೂ ಅದಕ್ಕೇ ಸೇರುವಂತೆ ಮಾಡಿ, ರೂಟರಿನ ಕಡೆ ಕೀಪ್‌ಅಲೈವ್ 25 ಸೆಕೆಂಡ್ ಇಡಿ. ಇವೆರಡೂ ಬೇಡ, ಕಂಪನಿಯ ಆ್ಯಪ್ಪೇ ಬೇಕು ಎಂದರೆ ಕ್ಯಾಮ್‌ನಿಂದ ವ್ಯಾನ್‌ಗೆ ಫಾರ್ವರ್ಡ್ ಕೊಡಿ, ಲ್ಯಾನ್‌ಗೆ ಕೊಡಬೇಡಿ. ಹಾಗೆ ಮಾಡಿದರೆ ಡಿವಿಆರ್ ಹೊರಗಿನವರ ಕೈಗೆ ಸಿಕ್ಕರೂ ನಿಮ್ಮ ಲೆಕ್ಕದ ಕಂಪ್ಯೂಟರಿಗೆ ದಾರಿ ಸಿಗುವುದಿಲ್ಲ. ನಮಗೆ ಇದು ಎರಡನೇ ಆಯ್ಕೆ.

ಐಪಿವಿ4ರ ನಂತರದ ವಿಳಾಸ ಪದ್ಧತಿಯಾದ ಐಪಿವಿ6 ಇರುವ ಸಂಪರ್ಕದಲ್ಲಿ ಪ್ರತಿ ಸಾಧನಕ್ಕೂ ಹೊರಗಿನಿಂದ ಕಾಣುವ ವಿಳಾಸ ಸಿಗುತ್ತದೆ. ಓಪನ್‌ವರ್ಟ್‌ನ ಫೈರ್‌ವಾಲ್ ಐಪಿವಿ6ನಲ್ಲೂ ಒಳಬರುವ ಸಂಪರ್ಕಗಳನ್ನು ತಾನಾಗಿಯೇ ತಡೆಯುತ್ತದೆ. ‘ಏನೋ ಕೆಲಸ ಮಾಡುತ್ತಿಲ್ಲ’ ಎಂದು ವ್ಯಾನ್ ವಲಯದ ಇನ್‌ಪುಟ್ ಅನ್ನು ಆ್ಯಕ್ಸೆಪ್ಟ್ ಮಾಡಿ, ಅಥವಾ ವ್ಯಾನ್‌ನಿಂದ ಒಳಗಿನ ವಲಯಗಳಿಗೆ ಫಾರ್ವರ್ಡ್ ಅನುಮತಿ ಕೊಟ್ಟು ನೋಡುವ ಚಾಳಿ ಇದ್ದರೆ, ಆ ಕ್ಷಣದಿಂದ ಎಲ್ಲ ಗೋಡೆಯೂ ಬಿದ್ದಂತೆ.

ಲೆಕ್ಕದ ಡೇಟಾಕ್ಕೆ ನಾಲ್ಕನೇ ವಲಯ

ಓಪನ್‌ವರ್ಟ್ ಹಾಕಿಸಿಕೊಂಡವರಲ್ಲಿ ಬಹುಪಾಲು ಮಂದಿ ಗೆಸ್ಟ್ ವೈಫೈಗೆ ನಿಲ್ಲುತ್ತಾರೆ. ಎಪಿಎಂಸಿಯ ದಲಾಲಿ ಅಂಗಡಿಗೆ ಮೆಕ್ಕೆಜೋಳದ ಸುಗ್ಗಿಯಲ್ಲಿ ಒಂದು ದಿನದ ಲೆಕ್ಕ ಹೋದರೂ ರೈತರ ಪಟ್ಟಿ, ತೂಕ, ಹಮಾಲಿ ಎಲ್ಲ ಗೊಂದಲ. ಅಂಥವರಿಗೆ ನಾವು ಒತ್ತಿ ಹೇಳುವುದು ಬ್ಯಾಕಪ್ ವಲಯದ ಬಗ್ಗೆ.

ಫೈಲುಗಳನ್ನು ಬೀಗ ಹಾಕಿ ಹಣ ಕೇಳುವ ರ‍್ಯಾನ್ಸಮ್‌ವೇರ್ ವಿಂಡೋಸ್ ಕಂಪ್ಯೂಟರಿಗೆ ಬಂದರೆ, ಆ ಕಂಪ್ಯೂಟರಿಗೆ ಬರೆಯಲು ಅನುಮತಿ ಇರುವ ಎಲ್ಲವನ್ನೂ ಹಾಳು ಮಾಡುತ್ತದೆ. ಸದಾ ಸಿಕ್ಕಿಸಿಟ್ಟ ಪೆನ್‌ಡ್ರೈವ್, ಹಂಚಿದ ಫೋಲ್ಡರ್, ಯಾವುದೂ ಉಳಿಯುವುದಿಲ್ಲ. ಆದ್ದರಿಂದ ಬಿಲ್ಲಿಂಗ್ ಕಂಪ್ಯೂಟರ್ ಬ್ಯಾಕಪ್ಪನ್ನು ಕಳಿಸಬಾರದು, ಬ್ಯಾಕಪ್ ಯಂತ್ರವೇ ಬಂದು ಎಳೆದುಕೊಳ್ಳಬೇಕು. ಒಂದು ಹಳೆಯ ಕಂಪ್ಯೂಟರಿಗೆ ಡೆಬಿಯನ್ ಎಂಬ ಲಿನಕ್ಸ್ ಹಾಕಿ, ‘ಲ್ಯಾನ್3’ ಪೋರ್ಟಿನಲ್ಲಿ 192.168.40.1ರ ಬೇರೆ ವಲಯ ಮಾಡಿ. ಬ್ಯಾಕಪ್‌ನಿಂದ ಲ್ಯಾನ್‌ಗೆ ಮತ್ತು ಇಂಟರ್ನೆಟ್ಟಿಗೆ ಅನುಮತಿ, ಲ್ಯಾನ್‌ನಿಂದ ಬ್ಯಾಕಪ್‌ಗೆ ಇಲ್ಲ. ಅದರ ಇನ್‌ಪುಟ್ಟಿಗೂ ಗೆಸ್ಟ್‌ನಂತೆಯೇ 67 ಮತ್ತು 53ರ ನಿಯಮ ಬೇಕು. ವಿಂಡೋಸ್‌ನಲ್ಲಿ ಆ ಫೋಲ್ಡರಿಗೆ ಓದುವ ಹಕ್ಕು ಮಾತ್ರ ಇರುವ ಒಂದು ಖಾತೆ ತೆರೆಯಿರಿ. ಡೆಬಿಯನ್ ರಾತ್ರಿ ಅದನ್ನು ಓದಲು ಮಾತ್ರ ಎಂಬಂತೆ ಮೌಂಟ್ ಮಾಡಿ (ತನಗೆ ಜೋಡಿಸಿಕೊಂಡು), ಬೋರ್ಗ್‌ಬ್ಯಾಕಪ್ ಎಂಬ ತಂತ್ರಾಂಶದಿಂದ ನಕಲು ತೆಗೆದು ಅನ್‌ಮೌಂಟ್ ಮಾಡಲಿ. 7 ದಿನದ್ದು, 4 ವಾರದ್ದು, 6 ತಿಂಗಳದ್ದು ಉಳಿಸಿಕೊಂಡರೆ ಸಣ್ಣ ಅಂಗಡಿಗೆ ಧಾರಾಳ. ಬದಲಾದ ಭಾಗವನ್ನಷ್ಟೇ ಬೋರ್ಗ್ ಶೇಖರಿಸುವುದರಿಂದ ಡಿಸ್ಕ್ ಬೇಗ ತುಂಬುವುದಿಲ್ಲ.

ಎರಡು ಕಡೆ ಸಿಕ್ಕು ಬೀಳುತ್ತದೆ. ಮೊದಲನೆಯದು, ಓಪನ್‌ವರ್ಟ್‌ನಲ್ಲಿ ಎಲ್ಲ ಸರಿಯಿದ್ದರೂ ಮೌಂಟ್ ಆಗುವುದಿಲ್ಲ. ವಿಂಡೋಸ್‌ನ ಸ್ವಂತ ಫೈರ್‌ವಾಲ್ ಫೈಲ್ ಹಂಚಿಕೆಯ 445ನೇ ಪೋರ್ಟನ್ನು ತನ್ನದೇ ಸಬ್‌ನೆಟ್‌ನವರಿಗೆ, ಅಂದರೆ ಅದೇ ಸಾಲಿನ ವಿಳಾಸದವರಿಗೆ, ಮಾತ್ರ ತೆರೆದಿರುತ್ತದೆ. ಆ ನಿಯಮದ ‘ಸ್ಕೋಪ್’ನಲ್ಲಿ ಡೆಬಿಯನ್‌ನ ಒಂದು ವಿಳಾಸ ಸೇರಿಸಿ, ಇಡೀ ಫೈರ್‌ವಾಲ್ ಬಂದ್ ಮಾಡಬೇಡಿ. ಎರಡನೆಯದು, ಲೆಕ್ಕದ ತಂತ್ರಾಂಶ ತೆರೆದಿರುವಾಗ ಅದರ ಫೈಲುಗಳನ್ನು ನಕಲು ಮಾಡಿದರೆ ಅರ್ಧ ಹಳೆಯದು, ಅರ್ಧ ಹೊಸದು ಬರುತ್ತದೆ, ಮರಳಿ ಹಾಕಿದಾಗ ತೆರೆಯದೇ ಹೋಗಬಹುದು. ಟ್ಯಾಲಿಯಂಥವುಗಳಲ್ಲಿ ಇರುವ ಬ್ಯಾಕಪ್ ಆಯ್ಕೆಯಿಂದಲೇ ಅಂಗಡಿ ಮುಚ್ಚುವಾಗ ಒಂದು ಫೋಲ್ಡರಿಗೆ ತೆಗೆದು, ಆ ಫೋಲ್ಡರನ್ನು ಎಳೆಯಿರಿ. ತಿಂಗಳಿಗೊಮ್ಮೆ ಬೇರೆ ಕಂಪ್ಯೂಟರಿನಲ್ಲಿ ಮರಳಿ ತೆರೆದು ನೋಡಿ, ಕೊನೆಯ ವೋಚರ್ ಸಂಖ್ಯೆ ತಾಳೆ ಹಾಕಿ.

ಡೆಬಿಯನ್‌ನಲ್ಲಿ ಅನ್‌ಅಟೆಂಡೆಡ್-ಅಪ್‌ಗ್ರೇಡ್ಸ್ ಚಾಲೂ ಮಾಡಿ, ಭದ್ರತೆಯ ಅಪ್‌ಡೇಟ್‌ಗಳು ತಾವಾಗಿ ಬರುತ್ತವೆ. ಯುಎಫ್‌ಡಬ್ಲ್ಯೂ ಎಂಬ ಫೈರ್‌ವಾಲ್ ಹಾಕಿ ಒಳಬರುವುದೆಲ್ಲ ತಡೆಯಿರಿ, ರೂಟರಿನಿಂದ ಬರುವ ಯುಡಿಪಿ 514 ಒಂದನ್ನು ಬಿಟ್ಟು. ಅದು ಲಾಗ್‌ಗೆ, ಅಂದರೆ ರೂಟರಿನಲ್ಲಿ ನಡೆದದ್ದರ ದಾಖಲೆಗೆ. ರೂಟರಿನ ಲಾಗ್ ರ‍್ಯಾಮ್‌ನಲ್ಲಿ ಮಾತ್ರ ಇರುತ್ತದೆ, ಕರೆಂಟ್ ಹೋದರೆ ಅಳಿಯುತ್ತದೆ. ಲಾಗಿಂಗ್ ಪುಟದಲ್ಲಿ ಡೆಬಿಯನ್‌ನ ವಿಳಾಸ ಕೊಟ್ಟರೆ ಅಲ್ಲಿ ಉಳಿಯುತ್ತದೆ. ಡೆಬಿಯನ್ 12ರಿಂದ ಲಾಗ್ ಪಡೆದು ಬರೆದಿಡುವ ಆರ್‌ಸಿಸ್‌ಲಾಗ್ ಮೊದಲೇ ಇರುವುದಿಲ್ಲ, ಹಾಕಿಕೊಳ್ಳಬೇಕು. ಕೇಂದ್ರ ಸರ್ಕಾರದ ಸೈಬರ್ ಭದ್ರತಾ ಸಂಸ್ಥೆ ಸರ್ಟ್-ಇನ್‌ನ 2022ರ ಏಪ್ರಿಲ್ 28ರ ನಿರ್ದೇಶನ ಕಂಪನಿಗಳಿಗೆ 180 ದಿನದ ಲಾಗ್ ಇಡಲು, ಸೈಬರ್ ಘಟನೆಯನ್ನು 6 ಗಂಟೆಯೊಳಗೆ ತಿಳಿಸಲು ಹೇಳುತ್ತದೆ. ಸಣ್ಣ ಅಂಗಡಿಯವರೂ ಹಳೆಯ ಲಾಗ್ ಅಳಿಸುವ ಲಾಗ್‌ರೊಟೇಟ್‌ನಲ್ಲಿ 180 ದಿನ ಇಟ್ಟುಕೊಳ್ಳುವುದು ಕಷ್ಟವಲ್ಲ. ಹಣವೇ ಹೋದರೆ ಲಾಗ್ ಹುಡುಕುತ್ತ ಕೂರದೆ ಮೊದಲು ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ.

ಮೆಚ್ಚದ ಸಂಗತಿಗಳು

ಅಪ್‌ಡೇಟ್ ವಿಷಯದಲ್ಲಿ ಓಪನ್‌ವರ್ಟ್ ಇನ್ನೂ ಅಂಗಡಿಯವರ ಕೈಗೆ ಒಗ್ಗುವಂತೆ ಇಲ್ಲ. ಡೆಬಿಯನ್ ಅಭ್ಯಾಸ ಇದ್ದವರು ಎಲ್ಲ ಪ್ಯಾಕೇಜನ್ನೂ ಒಟ್ಟಿಗೆ ಅಪ್‌ಗ್ರೇಡ್ ಮಾಡಲು ಹೋಗುತ್ತಾರೆ. ಇಲ್ಲಿ ಅದು ತಪ್ಪು. ಮೂಲ ಪ್ಯಾಕೇಜುಗಳು ಬದಲಿಸಲಾಗದ ಭಾಗದಲ್ಲಿರುತ್ತವೆ, ಹೊಸದು ಅದರ ಮೇಲೊಂದು ಪದರವಾಗಿ ಕೂರುತ್ತದೆ, ಹಳೆಯದರ ಜಾಗ ಬಿಡುಗಡೆ ಆಗುವುದಿಲ್ಲ. 16 ಎಂಬಿ ಬೇಗ ತುಂಬಿ ಸಂರಚನೆ ಉಳಿಸಲೂ ಜಾಗ ಸಿಗದಂತಾಗುತ್ತದೆ. ಸರಿಯಾದ ದಾರಿ ಪೂರ್ತಿ ಇಮೇಜ್ (ತಂತ್ರಾಂಶದ ಇಡೀ ಫೈಲು) ಬದಲಿಸುವ ಸಿಸ್‌ಅಪ್‌ಗ್ರೇಡ್. ಅದು ಸೆಟ್ಟಿಂಗ್ ಉಳಿಸುತ್ತದೆ, ಆದರೆ ನೀವು ಸೇರಿಸಿದ ವೈರ್‌ಗಾರ್ಡ್‌ನಂಥ ಪ್ಯಾಕೇಜುಗಳು ಹೋಗುತ್ತವೆ. ‘ಅಟೆಂಡೆಡ್ ಸಿಸ್‌ಅಪ್‌ಗ್ರೇಡ್’ ಎಂಬ ಲೂಸಿ ಪ್ಯಾಕೇಜ್ ಹಾಕಿಕೊಂಡರೆ, ನಿಮ್ಮ ಪ್ಯಾಕೇಜುಗಳನ್ನೂ ಸೇರಿಸಿದ ಇಮೇಜನ್ನು ಯೋಜನೆಯ ಸರ್ವರ್ ಕಟ್ಟಿಕೊಡುತ್ತದೆ. ಇದಿಲ್ಲದೆ ಅಂಗಡಿಗೆ ಓಪನ್‌ವರ್ಟ್ ಹಾಕಿಕೊಡುವುದು ನಮ್ಮ ಪ್ರಕಾರ ಅರ್ಧ ಕೆಲಸ.

ಸಹಾಯಕ್ಕೆ ಫೋನ್ ನಂಬರ್ ಇಲ್ಲ. ಲೂಸಿಯ ಪದಗಳು ಅಂಗಡಿಯವರಿಗೆ ಅರ್ಥವಾಗುವಂಥವಲ್ಲ. ಕಂಪನಿಯ ವಾರಂಟಿ ಹೋಗಬಹುದು. ಸಂರಚನೆ ಕೆಟ್ಟರೆ ಫೇಲ್‌ಸೇಫ್ ಇದೆ: ರೂಟರ್ ಚಾಲೂ ಆಗುವಾಗ ದೀಪ ವೇಗವಾಗಿ ಮಿನುಗುವ ಹೊತ್ತಿಗೆ ರಿಸೆಟ್ ಗುಂಡಿ ಒತ್ತಿ, ಕಂಪ್ಯೂಟರಿಗೆ 192.168.1.2 ಎಂದು ಕೈಯಿಂದ ವಿಳಾಸ ಕೊಟ್ಟು, ಎಸ್‌ಎಸ್‌ಎಚ್‌ನಲ್ಲಿ 192.168.1.1ಕ್ಕೆ ಹೋಗಿ ‘ಫಸ್ಟ್‌ಬೂಟ್’ ಕೊಡಬೇಕು. ತಿಳಿದವರಿಗೆ ಐದು ನಿಮಿಷ, ತಿಳಿಯದವರಿಗೆ ಅಂಗಡಿ ಬಂದ್.

ನಲವತ್ತು ಕಂಪ್ಯೂಟರಿನ ಕಾಲೇಜು ಲ್ಯಾಬಿಗೆ, ಹಲವು ವೈದ್ಯರಿರುವ ಆಸ್ಪತ್ರೆಗೆ ಈ ಸಣ್ಣ ರೂಟರ್ ಬೇಡ. ಎರಡು ನೆಟ್‌ವರ್ಕ್ ಪೋರ್ಟ್ ಇರುವ ಮಿನಿ ಪಿಸಿಗೆ ಓಪಿಎನ್‌ಸೆನ್ಸ್ ಹಾಕಿ. ಅದೂ ಮುಕ್ತ ತಂತ್ರಾಂಶವೇ, ಫ್ರೀಬಿಎಸ್‌ಡಿ ಮೇಲೆ ನಿಂತದ್ದು, ವರ್ಷಕ್ಕೆ ಎರಡು ದೊಡ್ಡ ಬಿಡುಗಡೆ.

ಏಪ್ರಿಲ್-ಮೇ ಬಿಸಿಲಿನಲ್ಲಿ ಡಿವಿಆರ್ ತಲೆಯ ಮೇಲೆ ರೂಟರ್ ಇಡಬೇಡಿ. ಒಳಗಿನ ಹಾರ್ಡ್‌ಡಿಸ್ಕಿನ ಶಾಖವೆಲ್ಲ ರೂಟರಿನ ತಳಕ್ಕೆ ಬಂದು ಅದು ಮತ್ತೆ ಮತ್ತೆ ರೀಸ್ಟಾರ್ಟ್ ಆಗುತ್ತದೆ. ಜೋಳದ ದೂಳು ಇರುವ ಮಂಡಿಗಳಲ್ಲಿ ಗೋಡೆಗೆ ನಿಲ್ಲಿಸಿ ತೂಗುಹಾಕಿ, ಗಾಳಿಕಿಂಡಿಯನ್ನು ತಿಂಗಳಿಗೊಮ್ಮೆ ಬ್ರಷ್‌ನಿಂದ ಉಜ್ಜಿ.

ಹಾಕಿಸಿಕೊಂಡ ದಿನ ಮಾಲೀಕರು ನೋಡಬೇಕಾದ್ದು

ಗೆಸ್ಟ್ ವೈಫೈಗೆ ನಿಮ್ಮ ಫೋನ್ ಸೇರಿಸಿ. 192.168.30.1, 192.168.10.1, 192.168.20.10 ಮೂರನ್ನೂ ಬ್ರೌಸರಿನಲ್ಲಿ ತೆರೆಯಿರಿ, ಮೂರೂ ತೆರೆಯಬಾರದು. ಮೊದಲನೆಯದು ತೆರೆದುಕೊಂಡರೆ ಗೆಸ್ಟ್ ವಲಯದ ಇನ್‌ಪುಟ್ ಆ್ಯಕ್ಸೆಪ್ಟ್‌ನಲ್ಲೇ ಉಳಿದಿದೆ, ಬಹಳ ಕಡೆ ಆಗುವ ತಪ್ಪು ಇದೇ. ಡಿವಿಆರ್‌ನ ಮೆನುವಿನಲ್ಲಿ ‘ನೆಟ್‌ವರ್ಕ್ ಟೆಸ್ಟ್’ ಇದ್ದರೆ ಬಿಲ್ಲಿಂಗ್ ಕಂಪ್ಯೂಟರಿನ ವಿಳಾಸಕ್ಕೆ ಪಿಂಗ್ ಕೊಡಿ, ಉತ್ತರ ಬರಬಾರದು. ಹೊರಗಿನಿಂದ ಪೋರ್ಟ್ ಪರೀಕ್ಷಿಸುವ ವೆಬ್‌ಸೈಟುಗಳ ಫಲಿತಾಂಶವನ್ನು ಸಿಜಿನ್ಯಾಟ್ ಹಿಂದೆ ಇರುವವರು ನಂಬಬೇಡಿ, ಅದು ಪರೀಕ್ಷಿಸುವುದು ಸಂಪರ್ಕದವರ ಯಂತ್ರವನ್ನು.

ಕೆಲಸ ಮುಗಿಸಿದವರಿಂದ ‘ಬ್ಯಾಕಪ್’ ಪುಟದಲ್ಲಿ ತೆಗೆದ ಸಂರಚನೆಯ ಫೈಲನ್ನು ಕೇಳಿ ಪಡೆಯಿರಿ. ಅದರಲ್ಲಿ ವೈಫೈ ಪಾಸ್‌ವರ್ಡ್, ವೈರ್‌ಗಾರ್ಡ್ ಕೀ ಎಲ್ಲ ಯಾರೂ ಓದಬಹುದಾದ ಸಾದಾ ಬರಹದಲ್ಲೇ ಇರುತ್ತವೆ, ಹಾಗಾಗಿ ವಾಟ್ಸ್‌ಆ್ಯಪ್‌ನಲ್ಲಿ ತರಿಸಿಕೊಳ್ಳಬೇಡಿ, ಪೆನ್‌ಡ್ರೈವ್‌ನಲ್ಲಿ ಪಡೆದು ತಿಜೋರಿಯಲ್ಲಿಡಿ. ರೂಟ್ ಪಾಸ್‌ವರ್ಡನ್ನು ಅವರ ಎದುರಿಗೇ ನೀವೇ ಬದಲಿಸಿ, ಕಾಗದದ ಮೇಲೆ ಬರೆದು, ರೂಟರಿನ ಮಾದರಿ, ಆವೃತ್ತಿ, ಹಾಕಿದ ದಿನಾಂಕ, ನಾಲ್ಕು ವಲಯದ ವಿಳಾಸಗಳ ಜೊತೆ ಒಂದೇ ಲಕೋಟೆಗೆ ಹಾಕಿ ಅಂಟಿಸಿ.